ನ್ಯಗ್ರೋಧಮೃಗದ ಕಾರ್ಟೂನು ಚಿತ್ರ

‘ದಿ ಬ್ಯಾನಿಯನ್ ಡಿಯರ್’ ಎಂಬುದು ಭಾರತ ಸರ್ಕಾರದ ಫಿಲ್ಮ್ಸ್ ಡಿವಿಷನ್ನಿನ ಕಾರ್ಟೂನು ವಿಭಾಗವು ಮುಂಬಯಿಯಲ್ಲಿ ನಿರ್ಮಿಸಿ 1957ರಲ್ಲಿ ಹೊರತಂದ ವರ್ಣಮಯ ಕಿರುಚಿತ್ರ. ಬುದ್ಧನ ಹಿಂದಿನ ಜನ್ಮಗಳ ಕಥೆಗಳಲ್ಲೊಂದಾದ ನ್ಯಗ್ರೋಧಮೃಗ ಜಾತಕವೇ ಇದರ ವಸ್ತು. ವಾರಾಣಸಿಯ ಅರಸನ ಉದ್ಯಾನದಲ್ಲಿ ಸೆರೆಯಾದ ಜಿಂಕೆಗಳ ಎರಡು ಹಿಂಡುಗಳು ದಿನಕ್ಕೊಂದು ಪ್ರಾಣಿಯನ್ನು ಅರಮನೆಯ ಅಡುಗೆಮನೆಗೆ ಒಪ್ಪಿಸುವ ಕಟ್ಟಳೆಗೆ ಒಳಪಟ್ಟಿರಲು, ಗರ್ಭಿಣಿಯಾದ ಹರಿಣಿಯೊಂದರ ಸರದಿ ಬಂದಾಗ ಇನ್ನೊಂದು ಹಿಂಡಿನ ನಾಯಕನಾದ ನ್ಯಗ್ರೋಧನು ಅದರ ಬದಲಿಗೆ ತಾನೇ ವಧಾಸ್ಥಾನದಲ್ಲಿ ತಲೆಯಿಟ್ಟು ಮಲಗುತ್ತಾನೆ. ಅದನ್ನು ಕಂಡು ಮನಸ್ಸು ಕರಗಿದ ಅರಸನು ಸಕಲ ಪ್ರಾಣಿಗಳಿಗೂ ಅಭಯವೀಯುತ್ತಾನೆ.

ಇದಕ್ಕೆ ಮುನ್ನ ನಮ್ಮಲ್ಲಿ ಇಂಥ ಪ್ರಯತ್ನಗಳು ನಡೆದಿರಲಿಲ್ಲವೆಂದಲ್ಲ. ದಾದಾಸಾಹೇಬ್ ಫಾಲ್ಕೆಯವರು 1915ರಲ್ಲೇ ತೆರೆಯ ಮೇಲೆ ಬೆಂಕಿಕಡ್ಡಿಗಳನ್ನು ಕುಣಿಸಿದ್ದರು. ಕೈಲಾಸಂ ಅವರು ನಟಿಸಿದ ‘ವಸಂತಸೇನಾ’ ಮೂಕಚಿತ್ರದ ನಿರ್ದೇಶಕರೆಂದು ಕನ್ನಡಿಗರಿಗೆ ಪರಿಚಿತರಾದ ಮೋಹನ್ ಭವನಾನಿಯವರು 1935ರಲ್ಲಿ ‘ಲಫಂಗಾ ಲಂಗೂರ್’ ಎಂಬ ಕಾರ್ಟೂನನ್ನು ತಯಾರಿಸಿದ್ದರು. 1948ರಲ್ಲಿ ಫಿಲ್ಮ್ಸ್ ಡಿವಿಷನ್ ಸ್ಥಾಪಿತವಾದಾಗ ಅದರ ಪ್ರಥಮ ಮುಖ್ಯ ನಿರ್ಮಾಪಕರಾದವರೂ ಅವರೇ. ಆದರೆ ಇವೆಲ್ಲ ಒಬ್ಬೊಬ್ಬರ ಸಾಹಸಗಳಾಗಿದ್ದುವೇ ಹೊರತು, ಗುರುವಿನಿಂದ ಶಿಷ್ಯನಿಗೆ ಸಾಗುವ ವಿದ್ಯೆಯಾಗಿರಲಿಲ್ಲ.

ಆ ಕೊರತೆಯನ್ನು ತುಂಬಿದವರು, ಮಿಷನರಿ ದಂಪತಿಗಳ ಮಗನಾಗಿ ಭಾರತದಲ್ಲೇ ಜನಿಸಿ, ಡಿಸ್ನಿಯ ಶಾಲೆಯಲ್ಲಿ ಪಳಗಿ, ಅಮೆರಿಕದ ತಾಂತ್ರಿಕ ನೆರವಿನ ಯೋಜನೆಯನ್ವಯ 1956ರಲ್ಲಿ ಮುಂಬಯಿಗೆ ಬಂದ ಕ್ಲೇರ್ ವೀಕ್ಸ್. ಡಿಸ್ನಿಯ ಜಿಂಕೆಮರಿಯ ಚಿತ್ರವಾದ ‘ಬ್ಯಾಂಬಿ’ಯಲ್ಲಿ ದುಡಿದಿದ್ದ ಅವರಿಗೆ ಇಲ್ಲಿಯೂ ಜಿಂಕೆಯ ಕಥೆಯೇ ಒದಗಿದ್ದು ಸುಯೋಗವೇ ಸರಿ. ಸ್ವಪ್ರಯತ್ನದಿಂದ ಈ ಕಲೆಯಲ್ಲಿ ಕೃಷಿಮಾಡಿದ್ದ ಜಿ. ಕೆ. ಗೋಖಲೆ, ಆಗತಾನೇ ಸೇರಿದ್ದ ತರುಣ ರಾಮ್ ಮೋಹನ್ ಮೊದಲಾದವರು ಅವರಿಂದ ಶಿಕ್ಷಣ ಪಡೆದರು. ಆಕೃತಿಗಳಿಗೆ ಅಜಂತೆಯ ಭಿತ್ತಿಚಿತ್ರಗಳು ಆದರ್ಶವಾದುವು. ಚಲನೆಯ ಶಿಸ್ತು ಮಾತ್ರ ಡಿಸ್ನಿಯದು.

ಆ ಶಿಸ್ತಿನ ಸ್ವರೂಪವನ್ನು ಲೆಕ್ಕದಿಂದಲೇ ಊಹಿಸಬಹುದು. ಸೆಕೆಂಡಿಗೆ 24 ಚೌಕಟ್ಟುಗಳಂತೆ ಹತ್ತು ನಿಮಿಷಕ್ಕೆ 14,400 ಚೌಕಟ್ಟುಗಳು. ಒಂದೊಂದು ಚಿತ್ರವನ್ನು ಎರಡು ಚೌಕಟ್ಟುಗಳಿಗೆ ನಿಲ್ಲಿಸಿದರೂ 7,200 ಭಂಗಿಗಳನ್ನು ಬರೆದು, ಪಾರದರ್ಶಕ ಹಾಳೆಗೆ ಇಳಿಸಿ, ಹಿಂಬದಿಯಿಂದ ಬಣ್ಣ ತುಂಬಿ, ಹಿನ್ನೆಲೆಯ ಮೇಲಿಟ್ಟು ಕ್ಯಾಮೆರಾಕ್ಕೆ ಒಡ್ಡಬೇಕು. 1921ರಲ್ಲಿ ಮೈಸೂರಿನಲ್ಲಿ ಜನಿಸಿ, ಇಲ್ಲಿನ ಮಹಾರಾಜಾ ಕಾಲೇಜಿನಲ್ಲಿ ಓದಿ, ರಾಶಿಯವರ ಹಾಸ್ಯಪತ್ರಿಕೆ ‘ಕೊರವಂಜಿ’ಗೆ ಚಿತ್ರ ಬರೆದ ವ್ಯಂಗ್ಯಚಿತ್ರಕಾರ ಆರ್. ಕೆ. ಲಕ್ಷ್ಮಣರ ಒಂದೇ ರೇಖೆಯಲ್ಲಿ ಮನುಷ್ಯಸ್ವಭಾವವೆಲ್ಲ ಹೊಳೆಯುವುದನ್ನು ಮೈಸೂರಿಗರು ಬಲ್ಲರು. ಅಂಥ ರೇಖೆಯನ್ನು ಅದರ ಜೀವ ಕುಂದದಂತೆ ಸಾವಿರಾರು ಬಾರಿ, ಹಲವು ಕೈಗಳಿಂದ ಬರೆಯಿಸುವುದು ಬೇರೆಯೇ ಒಂದು ತಪಸ್ಸು. ಕಲಾವಿದನು ಇಲ್ಲಿ ತನ್ನ ಹಸ್ತಾಕ್ಷರವನ್ನೇ ಬಿಟ್ಟುಕೊಡಬೇಕಾಗುತ್ತದೆ.

ಫಿಲ್ಮ್ಸ್ ಡಿವಿಷನ್ನಿನ ಕಿರುಚಿತ್ರಗಳನ್ನು ಮುಖ್ಯಚಿತ್ರಕ್ಕೆ ಮೊದಲು ತೋರಿಸುವುದು ಮೈಸೂರಿನ ಚಿತ್ರಮಂದಿರಗಳೂ ಸೇರಿದಂತೆ ದೇಶದ ಎಲ್ಲ ಚಿತ್ರಮಂದಿರಗಳಿಗೂ ಆಗ ಕಡ್ಡಾಯವಾಗಿತ್ತು. ಆದರೆ ಈ ಚಿತ್ರದ ಹಿರಿಮೆ ಅದರ ಪ್ರದರ್ಶನಕ್ಕಿಂತಲೂ ಅದು ಬೆಳೆಸಿದ ಶಿಷ್ಯಪರಂಪರೆಯಲ್ಲಿದೆ. ಗೋಖಲೆ ಮತ್ತು ರಾಮ್ ಮೋಹನ್ ಮುಂದೆ ‘ಹೋಮೋ ಸ್ಯಾಪ್ಸ್’ ಚಿತ್ರದಲ್ಲಿ ಡಿಸ್ನಿಯ ಮಾರ್ಗವನ್ನು ತೊರೆದು ಮಿತವಾದ, ಚುರುಕಾದ ರೇಖೆಯನ್ನು ಹಿಡಿದರು. 1992ರ ಭಾರತ-ಜಪಾನ್ ಸಹಯೋಗದ ರಾಮಾಯಣ ಚಿತ್ರದ ನಿರ್ದೇಶನದಲ್ಲಿ ಪಾಲ್ಗೊಂಡ ರಾಮ್ ಮೋಹನ್ ಅವರಿಗೆ 2014ರಲ್ಲಿ ಪದ್ಮಶ್ರೀ ಸಂದಿತು. 2019ರಲ್ಲಿ ಅವರು ನಿಧನರಾದರು.