ರಾಣಿಬಾಗಿನ ಹಳೇ ಮ್ಯೂಸಿಯಂ

ಎಪ್ಪತ್ತರ ದಶಕದ ಕೊನೆಗೆ ನಾನು ಮುಂಬೈಗೆ ಬಂದ ಹೊಸತು. ಹಗಲು ಹೋಟೆಲು, ರಾತ್ರಿ ಕನ್ನಡ ಶಾಲೆ. ನಮ್ಮಂಥ ಹುಡುಗರಿಗೆ ರಜೆ ಸಿಕ್ಕರೆ ಬೈಕಲಾದ ರಾಣಿಬಾಗೇ ಗತಿ. ಆನೆ, ಮಂಗ ನೋಡಿ, ಬಿಸಿಲೇರಿದಾಗ ಪಕ್ಕದ ಮ್ಯೂಸಿಯಂ ಒಳಗೆ ನುಗ್ಗುವುದು. ನೆರಳಿಗಾಗಿ ಮಾರಾಯ್ರೇ, ಇತಿಹಾಸಕ್ಕಾಗಿ ಅಲ್ಲ! ಅಲ್ಲಿನ ಪುಟ್ಟ ಮಣ್ಣಿನ ಗೊಂಬೆಗಳು ಮಾತ್ರ ಅಂದೇ ಮನಸ್ಸಿಗೆ ಅಂಟಿಕೊಂಡವು.

ಕಟ್ಟಡದ ಕತೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. 1862ರಲ್ಲಿ ಅಡಿಗಲ್ಲು ಬಿತ್ತು. ಆಗ ಹತ್ತಿ ವ್ಯಾಪಾರದಿಂದ ಊರಲ್ಲಿ ದುಡ್ಡಿನ ಹೊಳೆ. 1865ರಲ್ಲಿ ಅಮೆರಿಕದ ಅಂತರ್ಯುದ್ಧ ಮುಗಿದು ಹತ್ತಿಯ ಬೆಲೆ ಬಿದ್ದಾಗ ಚಂದಾ ಕೊಡುವವರೇ ಇಲ್ಲ. ಕೊನೆಗೆ ಸರಕಾರವೇ ಕೈಹಾಕಿ ಮುಗಿಸಬೇಕಾಯಿತು. ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ ಎಂಬ ಹೆಸರಿನಲ್ಲಿ ಬಾಗಿಲು ತೆರೆದದ್ದು 1872ರಲ್ಲಿ.

ಅದಕ್ಕಾಗಿ ಓಡಾಡಿದವರಲ್ಲಿ ಮುಖ್ಯರು ಡಾ. ಭಾವು ದಾಜಿ ಲಾಡ್. ಗೋವೆಯ ಕಡೆಯಿಂದ ಬಂದ ಬಡ ಮನೆತನ, ಮಣ್ಣಿನ ಗೊಂಬೆ ಮಾರುತ್ತಿದ್ದವರು. ಮಗ ಗ್ರಾಂಟ್ ಮೆಡಿಕಲ್ ಕಾಲೇಜಿನ ಮೊದಲ ತಂಡದಲ್ಲೇ ಡಾಕ್ಟರಾದ, ಶಾಸನ ಓದುವ ಪಂಡಿತನೂ ಆದ. ನಮ್ಮ ಹಾಗೆಯೇ ಹೊರಗಿನಿಂದ ಬಂದವರು ನೋಡಿ! 1975ರಲ್ಲಿ ಮ್ಯೂಸಿಯಂಗೆ ಅವರ ಹೆಸರಿಟ್ಟರು.

ಶತಮಾನ ಮುಗಿಯುವ ಹೊತ್ತಿಗೆ ಕಟ್ಟಡ ಸೊರಗಿತ್ತು. 2003ರಲ್ಲಿ ಮಹಾನಗರಪಾಲಿಕೆ, ಇಂಟ್ಯಾಕ್ ಮತ್ತು ಜಮ್ನಾಲಾಲ್ ಬಜಾಜ್ ಫೌಂಡೇಶನ್ ಒಪ್ಪಂದ ಮಾಡಿಕೊಂಡವು. ವಾಸ್ತುಶಿಲ್ಪಿ ವಿಕಾಸ್ ದಿಲಾವರಿಯವರ ಕೈಯಲ್ಲಿ ಕಬ್ಬಿಣದ ಕಂಬಗಳು, ಛಾವಣಿ, ಮರದ ಕಪಾಟುಗಳು, ನೆಲದ ಹೆಂಚುಗಳು ಒಂದೊಂದಾಗಿ ಜೀವ ಪಡೆದವು. 2005ರಲ್ಲಿ ಯುನೆಸ್ಕೊದ ಏಷ್ಯಾ-ಪೆಸಿಫಿಕ್ ಪ್ರಶಸ್ತಿ ಬಂತು, 2008ರಲ್ಲಿ ಬಾಗಿಲು ಮತ್ತೆ ತೆರೆಯಿತು. ಆಮೇಲೆ ಹಳೇ ಕಪಾಟುಗಳ ನಡುವೆಯೇ ಇಂದಿನ ಕಲಾವಿದರ ಪ್ರದರ್ಶನಗಳೂ ಶುರುವಾದವು.

ಮತ್ತೆ ತೆರೆದ ಮೇಲೆ ಮೊದಲ ಸಲ ಹೋದಾಗ, ನಿಜ ಹೇಳಬೇಕೆಂದರೆ, ನನಗೆ ಮುಜುಗರವೇ ಆಯಿತು. ಹಸಿರು ಗೋಡೆ, ಚಿನ್ನದ ಮೆರುಗು... ಕಾಲಿಗೆ ಹವಾಯಿ ಚಪ್ಪಲಿ ಹಾಕಿಕೊಂಡು ಬರುವ ಹುಡುಗರು ಇನ್ನು ಇಲ್ಲಿಗೆ ಹೇಗೆ ನುಗ್ಗಿಯಾರು ಅನ್ನಿಸಿತು. ಆಮೇಲೆ ನೋಡಿದರೆ ರಾಣಿಬಾಗಿನಿಂದ ಬೆವರು ಒರೆಸಿಕೊಳ್ಳುತ್ತಾ ಒಂದು ದೊಡ್ಡ ಸಂಸಾರ, ಕಂಕುಳಲ್ಲಿ ಕೂಸು, ಕೈಯಲ್ಲಿ ತಿಂಡಿಯ ಡಬ್ಬಿ, ಸೀದಾ ಒಳಗೆ ಬಂತು. ಸಮಾಧಾನವಾಯಿತು.

ಹೊರಗೆ ಘಾರಾಪುರಿಯ ಕಲ್ಲಾನೆ ಹಾಗೇ ನಿಂತಿದೆ. 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಹೋಗಿ ಒಡೆದದ್ದು, 1914ರಲ್ಲಿ ತುಂಡು ಜೋಡಿಸಿ ನಿಲ್ಲಿಸಿದರು. ಕಳೆದ ಸಲ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದೆ. ಮುಂಬೈಯ ಜನರ ಮಣ್ಣಿನ ಗೊಂಬೆಗಳ ಮುಂದೆ ನಿಂತು, "ಅಜ್ಜ, ಇದರಲ್ಲಿ ನಮ್ಮವರು ಯಾರು?" ಎಂದಳು. ಕನ್ನಡಕ ಸರಿಮಾಡಿಕೊಂಡು ಒಂದೊಂದೇ ಮುಂಡಾಸು ನೋಡುತ್ತಾ ಹುಡುಕಿದೆ. ಅಷ್ಟರಲ್ಲಿ ಅವಳು ಮುಂದಿನ ಕಪಾಟಿಗೆ ಓಡಿಯಾಗಿತ್ತು.