ಡಾಲ್ಡಾ ಡಬ್ಬಿಯ ವಂಶಾವಳಿ

ಚೆನ್ನೈನ ವೆಸ್ಟ್ ಮಾಂಬಲಂನಲ್ಲಿ ಫ್ಲಾಟುಗಳ ಬಾಲ್ಕನಿ ತುಂಬ ಸಾಲಾಗಿ ಕೂತ ಕುಂಡಗಳನ್ನು ಕಂಡವರು ಸಾಮಾನ್ಯವಾಗಿ ಒಂದೇ ರಾಗ ಹಾಡುತ್ತಾರೆ. ಹಿಂದೆ ಹಿತ್ತಿಲಿತ್ತು, ಬಾವಿಯಿತ್ತು, ಬಾಳೆ, ತೆಂಗು, ನುಗ್ಗೆ ಇದ್ದವು, ಮನೆ ತುಂಬ ಜನರಿದ್ದರು. ಈಗ ಅದೆಲ್ಲ ಹೋಗಿ ಗುರುತಿಗೆಂಬಂತೆ ಒಂದು ತುಳಸಿ, ಒಂದು ಮನಿ ಪ್ಲಾಂಟ್ ಉಳಿದಿವೆ. ಕೇಳಲು ಹಿತವಾದ ಕಥೆಯೇ. ಆದರೆ ಈ ಬಡಾವಣೆ ಬೆಳೆದು ಬಂದ ಬಗೆಯನ್ನು ನೋಡಿದರೆ ಕಥೆ ಬೇರೆ ದಾರಿ ಹಿಡಿಯುತ್ತದೆ. ಹಿತ್ತಿಲು ಮನೆ ಮಾಲೀಕರದ್ದಾಗಿತ್ತು. ಡಬ್ಬಿಯಲ್ಲಿ ಬೆಳೆದ ಗಿಡ ಅದೇ ಕಾಂಪೌಂಡಿನಲ್ಲಿ ಬಾಡಿಗೆಗಿದ್ದವರದ್ದು. ಎರಡೂ ಒಂದೇ ಕಾಲದಲ್ಲಿ ಬೇರೆ ಬೇರೆ ನೀರು ಕುಡಿದು, ಬೇರೆ ಬೇರೆ ಕೈಗಳಲ್ಲಿ ಬೆಳೆದವು. ಫ್ಲಾಟು ಬಂದಾಗ ಹಿತ್ತಿಲಿನ ಸಂತತಿ ಅಳಿಯಿತು, ಡಬ್ಬಿಯದು ಮಹಡಿ ಹತ್ತಿತು. ಇಂದಿನ ಬಾಲ್ಕನಿ ಬಾಡಿಗೆದಾರರ ಆಸ್ತಿಯ ಮುಂದುವರಿಕೆ ಎಂಬುದು ನನ್ನ ವಾದ.

ಮೊದಲು ಊರಿನ ಮಾತು. ಮಾಂಬಲಂ ಸ್ಟೇಷನ್ನಿನ ಪೂರ್ವಕ್ಕೆ ತ್ಯಾಗರಾಯನಗರ, ಜನರ ಬಾಯಲ್ಲಿ ಟಿ. ನಗರ. 1920ರ ದಶಕದಲ್ಲಿ ಜಸ್ಟಿಸ್ ಪಕ್ಷದ ಸರ್ಕಾರವಿದ್ದಾಗ ದೊಡ್ಡ ಕೆರೆಯೊಂದರ ನೀರು ಬಸಿದು, ನಕ್ಷೆ ಹಾಕಿ ಕಟ್ಟಿದ ಬಡಾವಣೆ ಅದು. ಪಕ್ಷದ ಮುಖಂಡ ಪಿ. ತ್ಯಾಗರಾಯ ಚೆಟ್ಟಿಯವರ ಹೆಸರು ಊರಿಗೆ, ಮುಖ್ಯಮಂತ್ರಿಯಾಗಿದ್ದ ಪಾನಗಲ್ ರಾಜರ ಹೆಸರು ನಡುವಿನ ಪಾರ್ಕಿಗೆ. ಅಗಲ ರಸ್ತೆಗಳು, ಸುತ್ತ ಜಾಗ ಬಿಟ್ಟು ಕಟ್ಟಿದ ಮನೆಗಳು. ಹಳಿಯ ಪಶ್ಚಿಮಕ್ಕೆ ಅಂಥ ನಕ್ಷೆಯ ಭಾಗ್ಯ ಬರಲಿಲ್ಲ. ಗದ್ದೆ, ತೋಪು, ಕೆರೆಯಂಗಳಗಳ ನಡುವಿನ ಹಳ್ಳಿ ತನ್ನ ಪಾಡಿಗೆ ತಾನು ಬೀದಿ ಬೀದಿಯಾಗಿ ಹಬ್ಬಿತು. ಕೆರೆಯೇ ಕಾಣದ ಲೇಕ್ ವ್ಯೂ ರಸ್ತೆ ಅದಕ್ಕೆ ಇವತ್ತಿಗೂ ಸಾಕ್ಷಿ. 1931ರಲ್ಲಿ ಬೀಚ್ ಸ್ಟೇಷನ್ನಿನಿಂದ ತಾಂಬರಂವರೆಗೆ ವಿದ್ಯುತ್ ರೈಲು ಓಡತೊಡಗಿದ ಮೇಲೆ ಕೋಟೆಯ ಕಚೇರಿಗಳಿಗೆ, ಹೈಕೋರ್ಟಿಗೆ, ಎಗ್ಮೋರಿಗೆ ದಿನಾ ಹೋಗಿಬರುವ ಗುಮಾಸ್ತರಿಗೆ ಕಡಿಮೆ ಬಾಡಿಗೆಯ ಈ ಭಾಗ ಅನುಕೂಲವಾಯಿತು. ಕನ್ನಡ ಓದುಗರಿಗೆ ಇದು ತೀರ ಪರವೂರಲ್ಲ. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೇ ಸೇರಿದ್ದವು. ಅಲ್ಲಿನವರಿಗೆ ಓದು, ಕೋರ್ಟು, ಸರ್ಕಾರಿ ನೌಕರಿ ಎಂದರೆ ಮದ್ರಾಸೇ. ಉಡುಪಿ ಹೋಟೆಲುಗಳೂ ಪಕ್ಕದ ಕೋಡಂಬಾಕ್ಕಂನ ಸ್ಟುಡಿಯೋಗಳೂ ಇನ್ನಷ್ಟು ಕನ್ನಡಿಗರನ್ನು ಕರೆತಂದವು. ಅಯೋಧ್ಯಾ ಮಂಟಪವಿರುವ ಆರ್ಯಗೌಡ ರಸ್ತೆಯ ಹೆಸರು ಕೂಡ ನೀಲಗಿರಿಯ ಬಡಗರ ನಾಯಕ ಎಚ್. ಬಿ. ಆರಿ ಗೌಡರ್ ಅವರದು ಎನ್ನುತ್ತಾರೆ. ಬಡಗರ ನುಡಿ ಕನ್ನಡದ ಹತ್ತಿರದ ನಂಟು.

ಬಂದವರಲ್ಲಿ ಹೆಚ್ಚಿನವರು ಮನೆ ಕಟ್ಟಲಿಲ್ಲ, ‘ಪೋರ್ಷನ್’ ಹಿಡಿದರು. ಮದ್ರಾಸಿನ ಜಾಗದ ಲೆಕ್ಕ ಗ್ರೌಂಡಿನಲ್ಲಿ. ಒಂದು ಗ್ರೌಂಡ್ ಎಂದರೆ 2,400 ಚದರ ಅಡಿ. ಅಷ್ಟರಲ್ಲೇ ಮುಂದೆ ಮಾಲೀಕರ ಮನೆ, ಪಕ್ಕದ ಓಣಿಯುದ್ದಕ್ಕೂ ಒಂದು ಕೋಣೆ ಒಂದು ಅಡುಗೆಮನೆಯ ಪೋರ್ಷನ್‌ಗಳು, ಹಿಂದೆ ಎಲ್ಲರಿಗೂ ಸೇರಿ ಒಂದು ಬಾವಿ, ಒಂದು ಬಚ್ಚಲು. ನಮ್ಮ ವಠಾರವನ್ನು ಕಂಡವರಿಗೆ ಹೆಚ್ಚು ವಿವರಿಸಬೇಕಿಲ್ಲ. ಎರಡನೆಯ ಮಹಾಯುದ್ಧ ಮುಗಿಯುವ ಹೊತ್ತಿಗೆ ಮನೆಗಳ ಕೊರತೆ ಎಷ್ಟಿತ್ತೆಂದರೆ ಬಾಡಿಗೆ ನಿಯಂತ್ರಣಕ್ಕೆ 1946ರಲ್ಲಿ ಒಂದು ಕಾಯ್ದೆ, 1949ರಲ್ಲಿ ಇನ್ನೊಂದು, 1960ರಲ್ಲಿ ಮತ್ತೊಂದು ಬಂತು. ಕಾಗದದ ಮೇಲೆ ಬಾಡಿಗೆದಾರರಿಗೆ ರಕ್ಷಣೆ ಸಿಕ್ಕಿತು, ಸರಿ. ಆದರೆ ಕಾಯ್ದೆ ಕೊಟ್ಟದ್ದು ಸೂರಿನ ಹಕ್ಕು, ನೆಲದ ಹಕ್ಕಲ್ಲ. ಹಿತ್ತಿಲಿನಲ್ಲಿ ಗುಂಡಿ ತೋಡಿ ಒಂದು ನಿಂಬೆ ಗಿಡ ಇಡಲು ಮಾಲೀಕರ ಒಪ್ಪಿಗೆ ಬೇಕು. ಇಟ್ಟರೂ ಅದು ಕಾಯಿ ಬಿಡುವ ಕಾಲಕ್ಕೆ ತಾವು ಅಲ್ಲಿರುತ್ತೇವೆಂಬ ಭರವಸೆ ಇಲ್ಲ. ಬಾವಿಕಟ್ಟೆಯ ಪಕ್ಕದ ಮಲ್ಲಿಗೆ ಎಷ್ಟೇ ಅರಳಲಿ, ಅದನ್ನು ಕೊಯ್ಯುವ ಮೊದಲ ಹಕ್ಕು ಮಾಲೀಕರ ಮನೆಯಾಕೆಯದು.

ಈಗ ಆ ಹಿತ್ತಿಲನ್ನೇ ನೋಡೋಣ. ಅದನ್ನು ಬೆಳೆಸಿದ್ದು ಬಾವಿಯಿಂದ ಸೇದಿದ ಹೊಸ ನೀರಲ್ಲ, ಬಳಸಿ ಚೆಲ್ಲಿದ ನೀರು. ಸ್ನಾನದ ನೀರು, ಬಟ್ಟೆ ಒಗೆದ ನೀರು, ಪಾತ್ರೆ ತೊಳೆದ ನೀರು ಮೋರಿಯಲ್ಲಿ ಹರಿದು ಬಾಳೆಯ ಬುಡಕ್ಕೆ, ಅಲ್ಲಿಂದ ತೆಂಗಿನ ಬುಡಕ್ಕೆ ಹೋಗುತ್ತಿತ್ತು. ಮೋರಿ ಮುಗಿಯುವಲ್ಲಿ ಕೆಸರು ಹೀರಲೆಂದು ತಮಿಳರು ಕಲ್‌ವಾಳೈ ಎನ್ನುವ ಗಿಡ, ಕೆಂಪು ಹಳದಿ ಹೂಬಿಡುವ ಕಾಡುಬಾಳೆಯ ಜಾತಿಯದು, ಹಚ್ಚುವ ರೂಢಿ ಇತ್ತು. ನಾಲ್ಕಾರು ಸಂಸಾರ ಮಿಂದ ನೀರು ಒಂದೇ ಹಿತ್ತಿಲಿಗೆ ಹರಿದರೆ ಬಾಳೆ ಗೊನೆ ಹಾಕದೆ ಇರುತ್ತದೆಯೇ? ಮಾಲೀಕರ ತೋಟವನ್ನು ಬಾಡಿಗೆದಾರರ ಬಚ್ಚಲು ಸಾಕುತ್ತಿತ್ತು ಎಂದರೂ ತಪ್ಪಲ್ಲ. ಆದರೆ ಈ ನೀರಿಗೆ ಇನ್ನೊಂದು ಮುಖವಿತ್ತು. ವೆಸ್ಟ್ ಮಾಂಬಲಂ ಎಂದ ಕೂಡಲೇ ಹಳೆಯ ಮದ್ರಾಸಿನವರಿಗೆ ಸೊಳ್ಳೆ ಮತ್ತು ಆನೆಕಾಲು ನೆನಪಾಗುತ್ತಿದ್ದವು. ಅಲ್ಲಿಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರೆಂಬ ಚೇಷ್ಟೆಯ ಮಾತೂ ಇತ್ತು. ಆನೆಕಾಲಿನ ಹುಳುವನ್ನು ಹೊತ್ತೊಯ್ಯುವ ಕ್ಯೂಲೆಕ್ಸ್ ಸೊಳ್ಳೆ ಮೊಟ್ಟೆಯಿಡುವುದು ನಿಂತ ಕೊಳಕು ನೀರಿನಲ್ಲಿ. ಅದಕ್ಕೆ ತೆರೆದ ಚರಂಡಿಯೂ ಸರಿ, ಹಿತ್ತಿಲಿನ ಬಚ್ಚಲಗುಂಡಿಯೂ ಸರಿ. 1953ರಲ್ಲಿ ಲೇಕ್ ವ್ಯೂ ರಸ್ತೆಯ ಪಬ್ಲಿಕ್ ಹೆಲ್ತ್ ಸೆಂಟರ್ ದಾನದ ಹಣದಲ್ಲಿ ಆರಂಭವಾದದ್ದು ಇಂಥ ಊರಿನಲ್ಲಿ. ಹಿತ್ತಿಲಿಗಾಗಿ ಹಲುಬುವವರು ಬಾಳೆಗೊನೆಯ ಜತೆಗೆ ಈ ಊದಿದ ಕಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು. ಒಳಚರಂಡಿ ಬಂದು ಬಚ್ಚಲ ನೀರು ಕೊಳವೆ ಸೇರಿದ್ದು ಒಳ್ಳೆಯದೇ ಆಯಿತು, ಆದರೆ ಹಿತ್ತಿಲಿನ ತುತ್ತು ನಿಂತದ್ದೂ ಅಲ್ಲಿಯೇ. ಕಟ್ಟಡ ಒಡೆಯುವ ಮೊದಲೇ ತೋಟ ಸೊರಗಲು ಶುರುವಾಗಿತ್ತು.

ಪೋರ್ಷನ್‌ನ ಹೊಸ್ತಿಲ ಬಳಿಯ ಡಬ್ಬಿಯ ಲೋಕ ಇದಕ್ಕಿಂತ ಪೂರ್ತಿ ಬೇರೆ. ಡಾಲ್ಡಾ ಮಾರುಕಟ್ಟೆಗೆ ಬಂದದ್ದು 1937ರಲ್ಲಿ. ಹಳದಿ ಬಣ್ಣದ ಮೇಲೆ ತಾಳೆಮರದ ಚಿತ್ರವಿದ್ದ ಆ ತಗಡಿನ ಡಬ್ಬಿ ಖಾಲಿಯಾದರೆ ಮೊದಲು ಅಕ್ಕಿ ಬೇಳೆ ತುಂಬಲು, ತುಕ್ಕು ಹಿಡಿದರೆ ಗಿಡಕ್ಕೆ. ಮೊಳೆ ಹೊಡೆದು ತಳದಲ್ಲಿ ಮೂರ್ನಾಲ್ಕು ತೂತು, ತೂತು ಮುಚ್ಚಿಹೋಗದಂತೆ ಮೇಲೊಂದು ಹೆಂಚಿನ ಚೂರು, ಅದರ ಮೇಲೆ ಮಣ್ಣು, ಒಣಗಿದ ಸಗಣಿಪುಡಿ. ಇಲ್ಲಿ ಬೆಳೆಯುತ್ತಿದ್ದುದು ಏನು ಎಂದು ಕೇಳಿಕೊಂಡರೆ ವಾದಕ್ಕೆ ಬೇಕಾದ ಒಳ್ಳೆಯ ಪುರಾವೆ ಸಿಗುತ್ತದೆ. ದೊಡ್ಡಪತ್ರೆ, ಬಸಳೆ, ಪುದೀನ, ಕನಕಾಂಬರ, ನಂದಿಬಟ್ಟಲು, ದಾಸವಾಳ, ಮನಿ ಪ್ಲಾಂಟ್. ಇವೆಲ್ಲ ಒಂದು ತುಂಡು ಕಡ್ಡಿಯಿಂದ ಬೇರು ಬಿಡುವಂಥವು. ಇವು ಬೇಡುವ ಮಣ್ಣು ಗೇಣಾಳ, ನೀರು ಒಂದು ಚೊಂಬು. ಮನೆ ಖಾಲಿ ಮಾಡುವ ದಿನ ಪಾತ್ರೆಪರಡಿಯ ಜತೆ ಗಾಡಿ ಹತ್ತಲು ತಕರಾರಿಲ್ಲ. ಡಬ್ಬಿ ಒಡೆದರೂ ಒಂದು ಕಡ್ಡಿ ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿದರೆ ಗಿಡ ಉಳಿಯಿತು. ಬಸಳೆಯದಂತೂ ಅಡುಗೆಮನೆಯಲ್ಲೇ ಹುಟ್ಟು: ಎಲೆಯೂ ಎಳೆ ದಂಟೂ ಹುಳಿಗೆ, ಬಲಿತ ದಂಟು ಡಬ್ಬಿಗೆ. ಮಂಗಳೂರಿನಿಂದ ಮೇಲ್ ರೈಲಿನಲ್ಲಿ ಮದ್ರಾಸಿಗೆ ಬರುತ್ತಿದ್ದ ನೆಂಟರ ಚೀಲದಲ್ಲಿ ಹಪ್ಪಳ, ಉಪ್ಪಿನಕಾಯಿಯ ಪಕ್ಕ ಇಂಥ ತುಂಡುಗಳಿಗೂ ಜಾಗವಿರುತ್ತಿತ್ತು. ತವರಿನ ಅಂಗಳದ ಮರವನ್ನು ಕಿತ್ತು ತರಲಾಗದು, ಕಡ್ಡಿ ತರಬಹುದು. ಅತ್ತಿಗೆಯ ಮನೆಯ ಕನಕಾಂಬರ, ಚಿಕ್ಕಮ್ಮ ಕೊಟ್ಟ ದೊಡ್ಡಪತ್ರೆ ಎಂದು ಗಿಡಕ್ಕೆ ಮನುಷ್ಯರ ಹೆಸರು ಅಂಟಿಕೊಳ್ಳುವುದು ಹೀಗೆ. ಹಿತ್ತಿಲಿನ ತೆಂಗು ಜಾಗದ ಜತೆ ಮಗನಿಗೆ ಹೋಗುತ್ತಿತ್ತು. ಡಬ್ಬಿಯ ಗಿಡ ಹೆಂಗಸರ ನೆಂಟಸ್ತಿಕೆಯ ದಾರಿಯಲ್ಲಿ ಮನೆಯಿಂದ ಮನೆಗೆ ಓಡಾಡುತ್ತಿತ್ತು. (ಮನಿ ಪ್ಲಾಂಟ್ ಕದ್ದು ತಂದರೇ ಚೆನ್ನಾಗಿ ಹಬ್ಬುತ್ತದೆ ಎಂಬ ನಂಬಿಕೆ ಯಾರು ಹುಟ್ಟಿಸಿದ್ದೋ, ಬಾಡಿಗೆದಾರರೇ ಇರಬೇಕೆಂದು ನನ್ನ ಗುಮಾನಿ.)

ಇಲ್ಲಿ ಒಂದು ಆಕ್ಷೇಪ ಬರುತ್ತದೆ. ಬಾಲ್ಕನಿಯಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ತುಳಸಿ. ಅದು ಉಳಿದಿರುವುದು ಭಕ್ತಿಯಿಂದ. ಬಾಡಿಗೆ, ನೀರು ಎಂದೆಲ್ಲ ಲೆಕ್ಕ ಹಾಕುವುದು ಯಾಕೆ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ವೆಸ್ಟ್ ಮಾಂಬಲಂ ದೇವಸ್ಥಾನ, ಭಜನೆ, ಪುರೋಹಿತರ ಊರು; ಉತ್ಥಾನ ದ್ವಾದಶಿಯ ದಿನ ನೆಲ್ಲಿಯ ಟೊಂಗೆ ಸಿಕ್ಕಿಸಿ ತುಳಸಿಗೆ ಮದುವೆ ಮಾಡುವ ಕನ್ನಡ ಮಾಧ್ವ ಮನೆಗಳಲ್ಲಿ ಆ ಹಬ್ಬ ಬಾಲ್ಕನಿಯಲ್ಲೂ ತಪ್ಪುವುದಿಲ್ಲ. ಆದರೆ ಭಕ್ತಿಯೊಂದೇ ಕಾರಣವಾಗಿದ್ದರೆ ಬಿಲ್ವವೂ ಉಳಿಯಬೇಕಿತ್ತು, ಪಾರಿಜಾತವೂ ಉಳಿಯಬೇಕಿತ್ತು. ಮದುವೆ ಮುಂಜಿಗೆ ಬಾಗಿಲಿಗೆ ಕಟ್ಟುವ ಬಾಳೆಗಿಂತ ಮಂಗಳಕರ ಗಿಡ ಯಾವುದು? ಅದನ್ನೀಗ ಮಾರ್ಕೆಟ್ಟಿನಿಂದ ತರುತ್ತಾರೆ. ಪವಿತ್ರ ಗಿಡಗಳಲ್ಲೂ ಉಳಿದದ್ದು ಡಬ್ಬಿಗೆ ಒಗ್ಗುವ ಗಿಡವೇ. ತುಳಸಿ ಬೀಜ ಉದುರಿಸಿ ತಾನೇ ಮೊಳೆಯುತ್ತದೆ, ಚೊಂಬು ನೀರಿಗೆ ಬದುಕುತ್ತದೆ, ವರ್ಷ ಎರಡು ವರ್ಷಕ್ಕೆ ಒಣಗಿದರೆ ಸಸಿ ಬದಲಿಸಬಹುದು. ದಿನಾ ಸ್ನಾನ ಮಾಡಿ ನೀರೆರೆಯಬೇಕು ಎಂಬ ನೇಮ ಗಿಡಕ್ಕೂ ನೀರುಣಿಸಿತು. ಭಕ್ತಿ ತುಳಸಿಯನ್ನು ಕಾಪಾಡಿತು ನಿಜ, ಆದರೆ ಯಾವುದನ್ನು ಕಾಪಾಡಲು ಸಾಧ್ಯವೋ ಅದನ್ನು ಮಾತ್ರ.

ಕುಂಡದಲ್ಲಿ ಗಿಡ ಬೆಳೆಸುವುದು ಬಿಳಿಯರ ಬಂಗಲೆಯಿಂದ ಬಂದ ಶೋಕಿ, ವಠಾರದಿಂದಲ್ಲ ಎನ್ನುವವರೂ ಇದ್ದಾರೆ. ಮದ್ರಾಸಿನ ಅಗ್ರಿ-ಹಾರ್ಟಿಕಲ್ಚರಲ್ ಸೊಸೈಟಿ 1835ರಷ್ಟು ಹಳೆಯದು, ಸಸ್ಯಶಾಸ್ತ್ರಜ್ಞ ರಾಬರ್ಟ್ ವೈಟ್ ಅದರ ಆರಂಭದಲ್ಲಿದ್ದವರು. ಬಂಗಲೆಗಳ ವರಾಂಡದಲ್ಲಿ ಕ್ರೋಟನ್, ಫರ್ನ್, ಪಾಮ್ ಕುಂಡಗಳ ಸಾಲು ನಿಂತದ್ದೂ ಸುಳ್ಳಲ್ಲ. ಬೆಂಗಳೂರಿನವರಿಗೆ ಲಾಲ್‌ಬಾಗಿನ ಪುಷ್ಪಪ್ರದರ್ಶನ ಕಲಿಸಿದ ರುಚಿಯೂ ಇದೇ. ಆದರೆ ಆ ಕುಂಡಗಳಿಗೆ ಮಾಲಿ ಬೇಕು, ನೆರಳಿನ ವರಾಂಡ ಬೇಕು, ಗಿಡ ಕೊಳ್ಳಲು ಕಾಸು ಬೇಕು, ಮತ್ತು ಅವುಗಳ ಕೆಲಸ ನೋಡುವವರ ಕಣ್ಣಿಗೆ ಚೆಂದ ಕಾಣುವುದು. ಮಾಂಬಲಂನ ಡಬ್ಬಿಯಲ್ಲಿ ಇದ್ದುದು ಶೀತಕ್ಕೆ, ತಂಬುಳಿಗೆ, ಮುಡಿಗೆ, ದೇವರಿಗೆ ಆಗುವ ಗಿಡ. ಇಂದಿನ ಬಾಲ್ಕನಿಗಳಲ್ಲಿ ಕ್ರೋಟನ್ನೂ ಇದೆ, ನರ್ಸರಿಯ ಹೊಸ ಗಿಡಗಳೂ ಇವೆ, ಬಂಗಲೆಯ ಪಾಲು ಅಷ್ಟರಮಟ್ಟಿಗೆ ಒಪ್ಪಬೇಕು. ದಿನಾ ಕೈಯಾಡುವ ಕುಂಡ ಮಾತ್ರ ಇವತ್ತಿಗೂ ದೊಡ್ಡಪತ್ರೆಯದು.

ಇನ್ನು ಜಾಗವಿಲ್ಲದ್ದಕ್ಕೆ ಹಿತ್ತಿಲು ಹೋಯಿತೆಂಬ ಮಾತು. 1970, 80ರ ದಶಕಗಳಿಂದ ಇಲ್ಲಿನ ಮನೆಗಳು ಒಂದೊಂದಾಗಿ ಬಿಲ್ಡರನ ಕೈ ಸೇರಿದ ಬಗೆ ಗೊತ್ತಿರುವುದೇ. ಅಪ್ಪ ತೀರಿಕೊಂಡ ಮೇಲೆ ನಾಲ್ವರು ಮಕ್ಕಳಿಗೆ ಒಂದು ಗ್ರೌಂಡನ್ನು ಸೀಳಿ ಹಂಚಲಾಗದು. ಬಿಲ್ಡರ್ ಕಟ್ಟಿ ಅರ್ಧ ತಾನಿಟ್ಟುಕೊಂಡು ಅರ್ಧ ಕೊಟ್ಟರೆ ತಲೆಗೊಂದು ಫ್ಲಾಟು. ಅಣ್ಣ ಮೊದಲ ಮಹಡಿ, ತಂಗಿ ಎರಡನೆಯದು. ಹಿತ್ತಿಲು ಕುಟುಂಬವನ್ನು ಒಟ್ಟಿಗೆ ಹಿಡಿದಿತ್ತು ಎನ್ನುವವರು ಗಮನಿಸಬೇಕು, ಎಷ್ಟೋ ಕಡೆ ಅಣ್ಣತಮ್ಮಂದಿರು ಕೋರ್ಟು ಹತ್ತದೆ ಒಂದೇ ಸೂರಿನಡಿ ಉಳಿದದ್ದು ಹಿತ್ತಿಲನ್ನು ಬಿಟ್ಟುಕೊಟ್ಟದ್ದರಿಂದ. ಹಾಗೆಂದು ನೆಲ ಪೂರ್ತಿ ಮಾಯವಾಗಲಿಲ್ಲ. ನಿಯಮದಂತೆ ಕಟ್ಟಡದ ಸುತ್ತ ಜಾಗ ಬಿಡಲೇಬೇಕು. ಪ್ರತಿ ಕ್ರಯಪತ್ರದಲ್ಲೂ ಇಷ್ಟು ಚದರ ಅಡಿ ಅವಿಭಜಿತ ಪಾಲು ಎಂದು ಬರೆದಿರುತ್ತದೆ. ಚೆನ್ನೈಯಲ್ಲಿ ಫ್ಲಾಟು ಕೊಳ್ಳುವವರು ಮೊದಲು ವಿಚಾರಿಸುವುದೇ ಅದನ್ನು. ನೆಲ ಎಲ್ಲರದ್ದೂ ಆಯಿತು, ಅಲ್ಲಿ ನೆಡುವ ಹಕ್ಕು ಯಾರದ್ದೂ ಅಲ್ಲದಂತಾಯಿತು. ಸಿಮೆಂಟು ಬಳಿದು ಕಾರು ನಿಲ್ಲಿಸಿದರು. ಅಂದರೆ ಮಾಲೀಕರ ಮಕ್ಕಳೂ ಈಗ ಬಾಡಿಗೆದಾರರ ಸ್ಥಿತಿಗೇ ಬಂದರು: ಸೂರು ತಮ್ಮದು, ಮಣ್ಣು ತಮ್ಮ ಕೈಯಲ್ಲಿಲ್ಲ. ಅವರಿಗೆ ಆಗ ದಾರಿ ತೋರಿಸಿದ್ದು ಪೋರ್ಷನ್‌ನವರ ಡಬ್ಬಿಯೇ. ಅಳಿದುಳಿದ ತೆಂಗು, ನುಗ್ಗೆಗಳಲ್ಲಿ ಕೆಲವನ್ನು 2016ರ ಡಿಸೆಂಬರಿನ ವರ್ದಾ ಚಂಡಮಾರುತ ಕೆಡವಿತು. 2019ರ ನಿಯಮಗಳು ಕಟ್ಟಡದ ವಿಸ್ತೀರ್ಣದ ಮಿತಿಯನ್ನು ನಿವೇಶನದ ಒಂದೂವರೆ ಪಟ್ಟಿನಿಂದ ಎರಡು ಪಟ್ಟಿಗೆ ಏರಿಸಿದ ಮೇಲೆ ಹಳೆಯ ಫ್ಲಾಟುಗಳನ್ನೂ ಒಡೆದು ಕಟ್ಟುವ ಆಸೆ ಹೆಚ್ಚಿದೆ. ಆಗಲೂ ಸಾಮಾನಿನ ಜತೆ ಹೊರಬೀಳುವುದು ಕುಂಡಗಳೇ.

ಡಬ್ಬಿಯ ಸಂತತಿಗೂ ತನ್ನದೇ ಕಷ್ಟಗಳಿವೆ. ಕುಂಡದ ಕೆಳಗಿನ ತಟ್ಟೆಯಲ್ಲಿ ನಿಂತ ತಿಳಿನೀರು ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಅಚ್ಚುಮೆಚ್ಚು. ಒಂದು ಸೊಳ್ಳೆ ಹೋಗಿ ಇನ್ನೊಂದು ಬಂತು ಅಷ್ಟೆ. 2019ರ ಬೇಸಿಗೆಯಲ್ಲಿ ನಗರಕ್ಕೆ ನೀರುಣಿಸುವ ಕೆರೆಗಳು ಬತ್ತಿ ಲಾರಿ ನೀರಿಗೆ ಕೊಡ ಸಾಲುಗಟ್ಟಿದಾಗ ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಮತ್ತೆ ಗಿಡದ ಬುಡ ಸೇರಿತು. ಆರ್‌ಒ ಯಂತ್ರ ಹೊರಹಾಕುವ ನೀರನ್ನೂ ಹಲವರು ಹಿಡಿದಿಡುತ್ತಾರೆ. ಅದರಲ್ಲಿ ಉಪ್ಪಿನಂಶ ಹೆಚ್ಚು; ದಿನಾ ಅದನ್ನೇ ಎರೆದರೆ ಎಲೆಯ ಅಂಚು ಕರಟುತ್ತದೆ. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿನಲ್ಲಿ ಉಪ್ಪಿಲ್ಲ, ಅದಕ್ಕೊಂದು ಬಕೆಟ್ ಇಟ್ಟರೆ ಬೇಸಿಗೆಯಲ್ಲಿ ನಾಲ್ಕು ಕುಂಡಕ್ಕೆ ಸಾಕು. ಕೈಯ ಕೊರತೆ ಇದಕ್ಕಿಂತ ದೊಡ್ಡದು. ಮಕ್ಕಳು ಅಮೆರಿಕದಲ್ಲಿ, ಅಪ್ಪ ಅಮ್ಮ ಇಲ್ಲಿ ಎಂಬ ಮನೆಗಳಲ್ಲಿ ಹೆತ್ತವರು ಆರು ತಿಂಗಳಿಗೆ ಹೊರಟರೆ ಬೀಗದ ಕೈ ಯಾರಿಗೆ ಎನ್ನುವುದಕ್ಕಿಂತ ಗಿಡಕ್ಕೆ ನೀರು ಯಾರು ಎಂಬುದೇ ಚಿಂತೆ. ಒದ್ದೆ ಬಟ್ಟೆಯಲ್ಲಿ ಕಡ್ಡಿ ಸುತ್ತಿ ಒಯ್ಯುವ ಹಳೆಯ ಉಪಾಯ ಆ ದೇಶದ ವಿಮಾನ ನಿಲ್ದಾಣದಲ್ಲಿ ನಡೆಯುವುದಿಲ್ಲ. ಬೇರೆ ದೇಶದ ಗಿಡವನ್ನು ಕಾಗದಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ. ಕುಂಡಗಳು ಎದುರು ಫ್ಲಾಟಿಗೆ ಹೋಗುತ್ತವೆ, ಇಲ್ಲವೇ ಕೆಳಗಿಳಿದು ಗೇಟಿನ ಬಳಿ ವಾಚ್‌ಮನ್ ಸಂಸಾರದ ಕೋಣೆಯ ಮುಂದೆ ಕೂರುತ್ತವೆ. ಆ ಸಂಸಾರವೂ ಎಲ್ಲಿಂದಲೋ ಬಂದದ್ದು, ಅದಕ್ಕೂ ಇಲ್ಲಿ ಸ್ವಂತ ಮಣ್ಣಿಲ್ಲ, ಪೇಂಟ್ ಬಕೆಟ್ಟಿನಲ್ಲಿ ಹಸಿಮೆಣಸಿನ ಗಿಡ ಆಗಲೇ ಬೆಳೆಸಿರುತ್ತದೆ.