ಅಚ್ಚುಮೊಳೆ ಮತ್ತು ಆಧುನಿಕ ಜಗತ್ತು

ಆಧುನಿಕ ಜಗತ್ತಿನ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಎರಡು ಪಟ್ಟಿಗಳಾಗಿ ಬೋಧಿಸುತ್ತೇವೆ. ಒಂದು ವಿಚಾರಗಳ ಪಟ್ಟಿ: ಪುನರುಜ್ಜೀವನ, ಮತಸುಧಾರಣೆ, ವೈಜ್ಞಾನಿಕ ಕ್ರಾಂತಿ. ಮತ್ತೊಂದು ಶಕ್ತಿಗಳ ಪಟ್ಟಿ: ಯಂತ್ರ, ವ್ಯಾಪಾರ, ರಾಜ್ಯಾಧಿಕಾರ. ಇವೆರಡೂ ಎಲ್ಲಿ ಸಂಧಿಸುತ್ತವೆ ಎಂಬ ಪ್ರಶ್ನೆ ಮಾತ್ರ ಉಳಿದುಬಿಡುತ್ತದೆ. ಅಂತಹ ಒಂದು ಸಂಧಿಸ್ಥಳ ಮುದ್ರಣಾಲಯ.

ಮುದ್ರಣ ಯೂರೋಪಿನಲ್ಲಿ ಹುಟ್ಟಿದ ಕಲೆಯಲ್ಲ. ಚೀನಾದಲ್ಲಿ ಕ್ರಿ.ಶ. 868ರಲ್ಲಿಯೇ ಮರದ ಅಚ್ಚಿನಿಂದ ಬೌದ್ಧಸೂತ್ರವೊಂದು ಮುದ್ರಿತವಾಗಿತ್ತು. ಕೊರಿಯಾದಲ್ಲಿ 1377ರ ವೇಳೆಗೆ ಲೋಹದ ಮೊಳೆಗಳು ಬಳಕೆಯಲ್ಲಿದ್ದವು. ಜರ್ಮನಿಯ ಮೈಂಜ್ ನಗರದ ಗುಟೆನ್‌ಬರ್ಗನ ಹಿರಿಮೆಯಿರುವುದು ಜೋಡಣೆಯಲ್ಲಿ. ಮೊಳೆ ಎರಕ ಹೊಯ್ಯುವ ಅಚ್ಚು, ಎಣ್ಣೆಯ ಶಾಯಿ, ಒತ್ತುವ ಯಂತ್ರ ಇವನ್ನು ಒಂದುಗೂಡಿಸಿ, 1455ರ ಸುಮಾರಿಗೆ ಅವನು ಬೈಬಲ್ಲಿನ ಸುಮಾರು 180 ಪ್ರತಿಗಳನ್ನು ಹೊರತಂದನು.

ಇದರ ಪರಿಣಾಮವನ್ನು ಅರಿಯಲು ಇಬ್ಬರನ್ನು ಹೋಲಿಸಿದರೆ ಸಾಕು. ಚರ್ಚಿನ ಭ್ರಷ್ಟತೆಯನ್ನು ಖಂಡಿಸಿದ ಬೊಹೀಮಿಯದ ಯಾನ್ ಹಸ್‌ನನ್ನು 1415ರಲ್ಲಿ ಜೀವಂತ ಸುಡಲಾಯಿತು. ಅವನ ಅನುಯಾಯಿಗಳು ದಿಟ್ಟವಾಗಿ ಹೋರಾಡಿದರೂ ಆ ಚಳವಳಿ ಮುಖ್ಯವಾಗಿ ಅವನ ನಾಡಿನ ಎಲ್ಲೆಯೊಳಗೇ ಉಳಿಯಿತು. 1517ರಲ್ಲಿ ಮಾರ್ಟಿನ್ ಲೂಥರ್ ಬರೆದ ತೊಂಬತ್ತೈದು ಪ್ರಮೇಯಗಳಾದರೋ ಕೆಲವೇ ವಾರಗಳಲ್ಲಿ ಹಲವು ನಗರಗಳಲ್ಲಿ ಮುದ್ರಣಗೊಂಡವು. ಆದರೆ ಅಚ್ಚುಮೊಳೆಯೊಂದೇ ಲೂಥರನನ್ನು ಉಳಿಸಲಿಲ್ಲ. ಸ್ಯಾಕ್ಸನಿಯ ಅರಸ ಫ್ರೆಡರಿಕ್ ಅವನಿಗೆ ಆಶ್ರಯವಿತ್ತನು. ವಿಚಾರ, ಯಂತ್ರ, ಅಧಿಕಾರ ಮೂರೂ ಕೂಡಿದಾಗಲೇ ಚರಿತ್ರೆಯ ಗತಿ ಬದಲಾಯಿತು.

ಮುದ್ರಣ ತಾನಾಗಿಯೇ ವಿವೇಕವನ್ನು ತಂದಿತೆಂದು ಭಾವಿಸುವುದೂ ಸಲ್ಲದು. ಭೂಮಿಯೇ ಸೂರ್ಯನನ್ನು ಸುತ್ತುತ್ತದೆ ಎಂದ ಕೋಪರ್ನಿಕಸನ ಗ್ರಂಥವನ್ನು 1543ರಲ್ಲಿ ಅಚ್ಚು ಹಾಕಿದ್ದು ಇದೇ ಯಂತ್ರ. ಅದಕ್ಕೂ ಮೊದಲು, 1486ರ ವೇಳೆಗೆ, ಮಾಟಗಾತಿಯರೆಂದು ಶಂಕಿತರಾದವರನ್ನು ಪತ್ತೆಹಚ್ಚಿ ದಂಡಿಸುವ ಕೈಪಿಡಿಯನ್ನು ಮುದ್ರಿಸಿದ್ದೂ ಇದೇ. ಆ ಕೈಪಿಡಿ ಮರಳಿ ಮರಳಿ ಮುದ್ರಣ ಕಂಡಿತು. ಮೊಳೆಗೆ ಸತ್ಯಾಸತ್ಯಗಳ ಭೇದವಿಲ್ಲ; ಆ ಭೇದವನ್ನು ಅರಿಯಬೇಕಾದವನು ಓದುಗ.

ಕನ್ನಡಿಗರಾದ ನಮಗೂ ಈ ಕಥೆ ದೂರದ್ದಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಸಾವಿರ ವರ್ಷ ಓಲೆಗರಿಗಳಲ್ಲಿ ಬಾಳಿ, 1898ರಲ್ಲಿ ಕೆ. ಬಿ. ಪಾಠಕರ ಸಂಪಾದನೆಯಲ್ಲಿ ಅಚ್ಚಾಯಿತು. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂಬ ಅದರ ಮಾತು ಆ ಬಳಿಕವೇ ಜನಸಾಮಾನ್ಯರ ನಾಲಗೆಗೆ ಬಂದು, ಏಕೀಕರಣದ ಹಂಬಲಕ್ಕೆ ಬಲವಿತ್ತಿತು. ವಿಚಾರ ಹಳೆಯದಾಗಿತ್ತು; ಅದಕ್ಕೆ ವಾಹನ ದೊರೆತದ್ದು ತಡವಾಗಿ.

ಇಂದು ನಮ್ಮ ಕೈಯಲ್ಲಿರುವ ವಾಹನ ಅಚ್ಚುಮೊಳೆಗಿಂತ ಎಷ್ಟೋ ಪಾಲು ವೇಗದ್ದು. ಅದರ ಮೇಲೆ ಏನನ್ನು ಏರಿಸಿ ಕಳುಹಿಸುತ್ತಿದ್ದೇವೆ ಎಂದು ವಿದ್ಯಾರ್ಥಿಗಳು ಕೇಳಿಕೊಳ್ಳುವಂತಾದರೆ, ಚರಿತ್ರೆಯ ಪಾಠ ಸಾರ್ಥಕ.